ತಲೆಗೆ ಎರೆದದ್ದು, ಅಚ್ಚಿಗೆ ಎರೆದದ್ದು

ನಮ್ಮ ಕಲಬುರಗಿ ಕಡೆ ತಲೆಸ್ನಾನಕ್ಕೆ ‘ಎರಕೊಳ್ಳೋದು’ ಅಂತಾರೆ. ‘ಇವತ್ತ ಎರಕೊಂಡಿಯೇನವ್ವಾ?’ ಅಂದರೆ ತಲೆಗೆ ನೀರು ಹಾಕಿಕೊಂಡೆಯಾ ಅಂತ. ಲೋಹದ ‘ಎರಕ’ವೂ ಇದೇ ಮಾತಿನ ಒಡಹುಟ್ಟು ಅಂತ ನನಗೆ ಹೊಳೆದದ್ದು ಬೀದರಿನಲ್ಲಿ, ಬಿದರಿ ಹೂದಾನಿಯೊಂದನ್ನು ಎರೆಯುವುದನ್ನು ನೋಡುತ್ತ ಕೂತಾಗ.

ಮೂಲ ಧಾತು ‘ಎಱೆ’ (ಱ ಅಂದರೆ ಹಳಗನ್ನಡದ ಇನ್ನೊಂದು ರ), ಅಂದರೆ ಸುರಿ. ಎಣ್ಣೆ ಎರೆ, ನೀರು ಎರೆ, ಕರಗಿದ ಲೋಹ ಎರೆ. ‘ಎರಕ ಹೊಯ್ಯು’ ಅನ್ನುವಾಗಲಂತೂ ಹೊಯ್ಯುವುದೂ ಸುರಿಯುವುದೇ, ಸುರಿದದ್ದನ್ನೇ ಮತ್ತೆ ಸುರಿದ ಹಾಗೆ! ದಖನಿ ಉರ್ದು ಆಡುವ ಉಸ್ತಾದರು ಅದೇ ಕೆಲಸಕ್ಕೆ ‘ಢಾಲ್ನಾ’ ಅಂದರು. ಅದಕ್ಕೂ ಸುರಿಯುವುದೆಂಬ ಅರ್ಥವಿದೆ. ಇಂಗ್ಲಿಷಿನ ಫೌಂಡ್ರಿ ಲ್ಯಾಟಿನ್ನಿನ ‘ಫುಂಡೆರೆ’ಯಿಂದ ಬಂದದ್ದು, ಅದೂ ಸುರಿಯುವುದೇ. ಅಚ್ಚಿನ ಮೊಳೆಗಳನ್ನು ಸೀಸದಲ್ಲಿ ಎರೆಯುತ್ತಿದ್ದ ಕಾಲದಿಂದ ಉಳಿದ ‘ಫಾಂಟ್’ ಈಗ ನಮ್ಮ ಮೊಬೈಲಿನಲ್ಲಿದೆ. ಬೆಂಕಿಯದ್ದಲ್ಲ, ಕೈ ಬಾಗಿದ ಗಳಿಗೆಯದ್ದೇ ಹೆಸರು ಎಲ್ಲ ಕಡೆ ನಿಂತಿದೆ.

ಬೆಂಕಿಯ ಕತೆ ಮಾತ್ರ ವಿಚಿತ್ರ. ಬಿದರಿಯಲ್ಲಿ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಸತು ಕರಗುವುದು 420 ಡಿಗ್ರಿ ಸೆಲ್ಸಿಯಸ್ ಹತ್ತಿರ, 907ಕ್ಕೆ ಕುದ್ದು ಆವಿಯಾಗುತ್ತದೆ. ತಾಮ್ರ ಕರಗಲು 1085 ಬೇಕು. ಅಂದರೆ ತಾಮ್ರ ಕರಗುವ ಹೊತ್ತಿಗೆ ಸತು ಹೊಗೆಯಾಗಿ ಹೋಗಿರಬೇಕಿತ್ತಲ್ಲ? ಚಹಾದಲ್ಲಿ ಸಕ್ಕರೆ ಏನು ಮಾಡುತ್ತದೋ ತಾಮ್ರವೂ ಅದನ್ನೇ ಮಾಡುತ್ತದೆ: ತನ್ನ ಬಿಸಿ ಮುಟ್ಟುವವರೆಗೆ ಕಾಯದೆ, ಕರಗಿದ ಸತುವಿನೊಳಗೆ ಲೀನವಾಗುತ್ತದೆ. ಆಮೇಲೆ ಮಣ್ಣು, ಹರಳೆಣ್ಣೆ, ರಾಳ ಕಲಸಿದ ಅಚ್ಚಿಗೆ ಎರೆಯುತ್ತಾರೆ. ಕೆತ್ತನೆ, ಬೆಳ್ಳಿ ತಂತಿ ಕೂರಿಸುವುದು ಎಲ್ಲ ಮುಗಿದ ಮೇಲೆ ಬೀದರ್ ಕೋಟೆಯ ಹಳೆ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್ ಎಂಬ ಲವಣ) ಬೆರೆಸಿ ಉಜ್ಜಿದರೆ ಬೆಳ್ಳಿ ಬೆಳ್ಳಗೇ ಉಳಿದು ಸುತ್ತಲಿನ ಲೋಹ ಕಪ್ಪಾಗುತ್ತದೆ. ಆ ಕಪ್ಪು ಕೂರಲು ಚೂರು ತಾಮ್ರ ಇರಲೇಬೇಕು.

ಹಳಗನ್ನಡದಲ್ಲಿ ‘ಎಱಕ’ಕ್ಕೆ ಪ್ರೀತಿ ಎಂಬ ಅರ್ಥವೂ ಇತ್ತು. ಎರಡು ಲೋಹ ಬೆರೆತದ್ದಕ್ಕೂ ಅದಕ್ಕೂ ಗಂಟು ಹಾಕಲು ಮನಸ್ಸೇನೋ ಎಳೆಯುತ್ತದೆ, ಆದರೆ ಉಚ್ಚಾರ ಒಂದಾದ ಮಾತೆಲ್ಲ ನೆಂಟರಲ್ಲ. ಊರಿಗೆ ವಾಪಸಾಗುವಾಗ ಬೀದರಿನ ಕೆಂಪು ಜಂಬುಮಣ್ಣು ಹಿಂದಾಗಿ ಬಸ್ಸಿನ ಕಿಟಕಿಯಾಚೆ ಕರಿ ಹೊಲ ಕಂಡಿತು. ನಾವು ಅದಕ್ಕೆ ‘ಎರಿ ಹೊಲ’ ಅಂತೀವಿ. ಈ ‘ಎರೆ’ ಬಣ್ಣದ ಹೆಸರು, ಸಾಮಾನ್ಯ ರ-ಕಾರದ್ದು. ಸುರಿಯುವ ‘ಎಱೆ’ಗೆ ಇದ್ದದ್ದು ಬಂಡಿ ಱ. ಆ ಅಕ್ಷರ ಬಳಕೆ ತಪ್ಪಿದ ಮೇಲೆ ಇವೆರಡನ್ನೂ ಒಂದೇ ಥರ ಬರೆಯುತ್ತಿದ್ದೇವೆ.