ಗೂಡಿನೊಳಗಿನ ಕಿವಿಗೆ ಹಾಡು ಹಿತವೇ?

ಪುಣೆಯ ಅಂಚಿನಲ್ಲಿರುವ ಒಂದು ನಾಯಿ ಆಶ್ರಯಕ್ಕೆ ಭಾನುವಾರಗಳಲ್ಲಿ ಹೋಗುತ್ತೇನೆ. ಗೂಡುಗಳ ಸಾಲಿನ ಕೊನೆಗೆ ಮೊಳೆಗೆ ಒಂದು ಸ್ಪೀಕರ್ ನೇತುಹಾಕಿದ್ದರು. ಬೆಳಗ್ಗೆ ಹಚ್ಚಿದರೆ ರಾತ್ರಿವರೆಗೂ ಅದೇ ಪಿಯಾನೊ. ಅದರ ಕೆಳಗಿನ ಗೂಡಿನ ಕಂದು ನಾಯಿ ಯಾವಾಗ ನೋಡಿದರೂ ಎದುರು ಮೂಲೆಗೆ ಒತ್ತಿಕೊಂಡು, ಕಿವಿ ಹಿಂದಕ್ಕೆ ಮಡಚಿ ಮಲಗಿರುತ್ತಿತ್ತು.

ಹಾಡು ಕೇಳಿದರೆ ಪ್ರಾಣಿ ಶಾಂತವಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಕೊಳಲಿಗೆ ಓಡಿ ಬರುವ ಆಕಳ ಕತೆ ಕೇಳಿಯೇ ಬೆಳೆದವರಲ್ವಾ ನಾವು? 1798ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಆನೆಗಳಿಗಾಗಿ ಸಂಗೀತ ಕಛೇರಿಯನ್ನೇ ಏರ್ಪಡಿಸಿದ್ದರು. ಮುಂದಿನ ಇನ್ನೂರು ವರ್ಷ ನಂಬಿಕೆಯೇ ಜಾಸ್ತಿ, ಅಳತೆ ಕಡಿಮೆ.

ಆಶ್ರಯದ ನಾಯಿಗಳ ಮಟ್ಟಿಗೆ ತಿರುವು ಬಂದಿದ್ದು 2002ರಲ್ಲಿ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಸಂಶೋಧಕಿ ಡೆಬೊರಾ ವೆಲ್ಸ್ ಮತ್ತು ಜೊತೆಗಾರರು 50 ನಾಯಿಗಳಿಗೆ ಬೇರೆ ಬೇರೆ ಸದ್ದು ಕೇಳಿಸಿದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಅವು ಹೆಚ್ಚು ಹೊತ್ತು ಮಲಗಿದವು. ಗಿಟಾರು, ಡ್ರಮ್ಮುಗಳ ಅಬ್ಬರದ ಹೆವಿ ಮೆಟಲ್‌ಗೆ ಬೊಗಳಿದವು. ಪಾಪ್ ಹಾಡಿಗೆ, ರೆಕಾರ್ಡ್ ಮಾಡಿದ ಮಾತಿಗೆ ಅಂಥ ಬದಲಾವಣೆ ಕಾಣಲಿಲ್ಲ. 2012ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ 117 ನಾಯಿಗಳನ್ನು ಗಮನಿಸಿದಾಗಲೂ ಹೆಚ್ಚುಕಡಿಮೆ ಇದೇ ಕತೆ. ಹೆವಿ ಮೆಟಲ್‌ಗೆ ಮೈ ನಡುಗಿತು.

ನಮ್ಮ ಕಡೆ ಬಂದು ಮುಟ್ಟಿದ್ದು ಇಷ್ಟೇ. ಮುಂದಿನದು ಬರಲಿಲ್ಲ, ನನಗೆ ಬೇಸರ ಅದಕ್ಕೆ. 2015ರಲ್ಲಿ ಸ್ಕಾಟ್ಲೆಂಡಿನ ಆಶ್ರಯವೊಂದರಲ್ಲಿ ಅದೇ ಶಾಸ್ತ್ರೀಯ ಸಂಗೀತಕ್ಕೆ ನಾಯಿಗಳು ಬೇಗ ಒಗ್ಗಿಕೊಂಡವು, ಎರಡನೇ ದಿನಕ್ಕೇ ಅದರ ಹಿಡಿತ ಸಡಿಲವಾಯಿತು. ಬಗೆ ಬಗೆಯ ಹಾಡು ಬದಲಿಸಿದರೆ ವಾಸಿ ಎಂದು 2017ರಲ್ಲಿ ಕಂಡುಬಂತು. ನಡುವೆ ಇಂಗ್ಲೆಂಡಿನಲ್ಲಿ 31 ನಾಯಿಗಳಿಗೆ ಆಡಿಯೊಬುಕ್ ಕೇಳಿಸಿದಾಗ, ಸಂಗೀತಕ್ಕಿಂತ ಯಾರೋ ನಿಧಾನವಾಗಿ ಕತೆ ಓದುವ ದನಿಗೇ ಅವು ಹೆಚ್ಚು ವಿಶ್ರಮಿಸಿದವು.

ಇನ್ನೊಂದು ಪ್ರಯೋಗ ನನ್ನನ್ನು ಬಿಡದೆ ಕಾಡುತ್ತದೆ. 2007ರಲ್ಲಿ ಟಮರಿನ್, ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳ ಮುಂದೆ ಎರಡು ದಾರಿ ಇಟ್ಟಿದ್ದರು. ಈ ಕಡೆ ಹೋದರೆ ಲಾಲಿ, ಆ ಕಡೆ ಹೋದರೆ ಮೌನ. ಅವು ಮೌನದ ಕಡೆಗೇ ಹೋದವು. ಗೂಡಿನಲ್ಲಿರುವ ನಾಯಿಗೆ ಆ ಎರಡನೇ ದಾರಿ ಎಲ್ಲಿದೆ?

ಆಶ್ರಯದ ಕೆಲಸಗಾರ ವಿಜಯಪುರ ಕಡೆಯವನು. ಒಂದು ಭಾನುವಾರ ಕರೆಂಟ್ ಹೋಗಿ ಪಿಯಾನೊ ನಿಂತಿತು. ಅವನು ಕಂದು ನಾಯಿಯ ಎದುರು ಕುಕ್ಕರಗಾಲಲ್ಲಿ ಕೂತು, "ಮಲ್ಕೋ ತಮ್ಮಾ, ಮಲ್ಕೋ" ಎಂದು ಸುಮ್ನೆ ಮಾತಾಡುತ್ತಾ ಹೋದ. ನಾಯಿ ಮೂಲೆ ಬಿಟ್ಟು ಬಂದು ಜಾಲರಿಗೆ ಬೆನ್ನು ತಾಗಿಸಿ ಮಲಗಿತು.

ಸ್ಪೀಕರ್ ಈಗ ಆಚೆ ಗೋಡೆಯಲ್ಲಿದೆ. ಮಧ್ಯಾಹ್ನ ಒಂದು ಗಂಟೆ ಹೊತ್ತು, ಸಣ್ಣ ದನಿಯಲ್ಲಿ, ದಿನಕ್ಕೊಂದು ಬಗೆಯ ಹಾಡು.