ಕಟ್ಟದ ನೀರು, ಮುಯ್ಯಿಯ ಲೆಕ್ಕ

"ದೈವದ ಭಯ ಹೋಯಿತು, ನೀತಿಯೂ ಹೋಯಿತು" ಎಂಬ ಮಾತು ನಮ್ಮ ಕಾಸರಗೋಡಿನ ಕಡೆ ಮದುವೆ ಚಪ್ಪರದಿಂದ ಬಸ್‌ಸ್ಟ್ಯಾಂಡಿನವರೆಗೆ ಎಲ್ಲೆಲ್ಲೂ ಕೇಳುತ್ತದೆ. ಇದನ್ನು ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಅಲ್ಲಿ ತಲೆಕೆಳಗಾಗಿದೆ. ಕಾನತ್ತೂರಿನ ದೈವಸ್ಥಾನದಲ್ಲಿ ಪ್ರಮಾಣಕ್ಕೆ ನಿಂತವನ ಕೈ ನಡುಗುವುದೇಕೆ? ಸುಳ್ಳು ಹೇಳುವುದು ತಪ್ಪೆಂದು ಮನೆ ಬಿಡುವ ಮೊದಲೇ ಅವನಿಗೆ ಗೊತ್ತಿತ್ತು. ದೇವರು ಮೆಚ್ಚಿದ್ದರಿಂದ ಒಂದು ಕೆಲಸ ಒಳ್ಳೆಯದಾಯಿತೋ, ಒಳ್ಳೆಯದಾದ್ದರಿಂದ ದೇವರು ಮೆಚ್ಚಿದನೋ ಎಂದು ಸುಮಾರು 2400 ವರ್ಷಗಳ ಹಿಂದೆಯೇ ಅಥೆನ್ಸಿನ ಸಾಕ್ರಟೀಸ್ ಕೇಳಿದ್ದ. ಅವನೆದುರು ನಿಂತಿದ್ದ ಯೂಥಿಫ್ರೋ ಹೆತ್ತ ತಂದೆಯ ಮೇಲೆಯೇ ಕೊಲೆ ಮೊಕದ್ದಮೆ ಹೂಡಲು ಬಂದವನು. ಕೂಲಿಯಾಳೊಬ್ಬನನ್ನು ಕೈಕಾಲು ಕಟ್ಟಿ ಹೊಂಡದಲ್ಲಿ ಹಾಕಿಸಿ, ಅವನು ಹಸಿವು ಚಳಿಯಿಂದ ಸಾಯುವಂತೆ ಮಾಡಿದ ಎಂಬುದು ಆರೋಪ. ಸಾಕ್ರಟೀಸನ ಪ್ರಶ್ನೆಗೆ ಯೂಥಿಫ್ರೋನಲ್ಲಿ ನಿಲ್ಲುವಂಥ ಉತ್ತರ ಇರಲಿಲ್ಲ.

ನೀತಿ ಹುಟ್ಟುವುದು ಹೇಗೆಂದು ನೋಡಲು ನಮ್ಮ ತೋಡಿನ ಕಟ್ಟಕ್ಕಿಂತ, ಅಂದರೆ ಹಳ್ಳದ ನೀರು ತಡೆದು ನಿಲ್ಲಿಸುವ ತಾತ್ಕಾಲಿಕ ಒಡ್ಡಿಗಿಂತ, ಒಳ್ಳೆಯ ಜಾಗ ಇಲ್ಲ. ಏತಡ್ಕದಂಥ ಊರುಗಳಲ್ಲಿ ತುಲಾ ಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು) ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲಿನ ಎರಡು ಸಾಲು ಇಟ್ಟು, ನಡುವೆ ಮಣ್ಣು ತುಂಬಿ, ಮೆಟ್ಟಿ ಗಟ್ಟಿಮಾಡುತ್ತಾರೆ. ಅವಸರಪಟ್ಟು ಕಟ್ಟಿದರೆ ಕೊನೆಯ ಜೋರು ಮಳೆಗೆ ಕೊಚ್ಚಿಹೋಗುತ್ತದೆ. ತಡಮಾಡಿದರೆ ತೋಡಿನಲ್ಲಿ ನೀರೇ ಉಳಿದಿರುವುದಿಲ್ಲ. ಮಣ್ಣನ್ನು ಸರಿಯಾಗಿ ಮೆಟ್ಟದಿದ್ದರೆ ಒಳಗಿಂದೊಳಗೆ ಸೋರಿ, ಸೋರಿದ ದಾರಿಯೇ ದೊಡ್ಡದಾಗುತ್ತದೆ. ಇನ್ನೊಂದು ಸಂಗತಿ ಬಹಳ ಮುಖ್ಯ. ಕಟ್ಟಗಳು ಸಾಲಾಗಿರಬೇಕು, ಕೆಳಗಿನ ಕಟ್ಟದಲ್ಲಿ ನಿಂತ ನೀರು ಮೇಲಿನ ಕಟ್ಟದ ಬುಡವನ್ನು ಮುಟ್ಟಬೇಕು. ಆಗ ಎರಡೂ ಬದಿಯ ಒತ್ತಡದ ವ್ಯತ್ಯಾಸ ಕಡಿಮೆಯಾಗಿ ಸೋರಿಕೆ ತಗ್ಗುತ್ತದೆ. ಹೀಗೆ ಮೇಲಿನ ತೋಟದವನ ನೀರು ಕೆಳಗಿನ ತೋಟದವನ ದುಡಿಮೆಯ ಮೇಲೆ ನಿಂತಿರುತ್ತದೆ.

ಕಟ್ಟದಲ್ಲಿ ನಿಂತು ನೆಲಕ್ಕೆ ಇಂಗಿದ ನೀರಿಗೆ ಬೇಲಿ ಇಲ್ಲ. ಹಾರೆ ಹಿಡಿದು ಬೆವರು ಸುರಿಸಿದವನ ಬಾವಿ ಏರಿದಂತೆ ಮನೆಯಲ್ಲಿ ಕೂತವನ ಬಾವಿಯೂ ಏರುತ್ತದೆ. ಹಾಗಾದರೆ ಬುದ್ಧಿವಂತನಾದವನು ಮನೆಯಲ್ಲೇ ಕೂರಬೇಕಲ್ಲ?

ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರಾದ ಎರ್ನ್ಸ್ಟ್ ಫೆರ್ ಮತ್ತು ಸೈಮನ್ ಗೆಕ್ಟರ್ ಹಣ ಇಟ್ಟು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ನಾಲ್ವರ ಒಂದು ಗುಂಪು, ತಲೆಗೆ 20 ನಾಣ್ಯ. ಸಾಮಾನ್ಯ ನಿಧಿಗೆ ಹಾಕಿದ ಪ್ರತಿ ನಾಣ್ಯಕ್ಕೆ ನಾಲ್ವರಿಗೂ 0.4ರಂತೆ ಸಿಗುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ತಲಾ 32. ಒಬ್ಬ ಜಾರಿಕೊಂಡರೆ ಉಳಿದ ಮೂವರಿಗೆ 24, ಅವನಿಗೆ ಮಾತ್ರ 44. ಯಾರೂ ಹಾಕದಿದ್ದರೆ ಎಲ್ಲರೂ 20ರಲ್ಲೇ ಉಳಿಯುತ್ತಾರೆ. ಆಟ ಮುಂದುವರಿದಂತೆ ಆದದ್ದೂ ಅದೇ: ಹಾಕುವವರ ಕೈ ಸುತ್ತಿನಿಂದ ಸುತ್ತಿಗೆ ಹಿಂದೆ ಸರಿಯಿತು. ಆದರೆ ತನ್ನದೊಂದು ನಾಣ್ಯ ಕಳೆದುಕೊಂಡು ಜಾರಿದವನಿಂದ ಮೂರು ಕಿತ್ತುಕೊಳ್ಳಬಹುದು ಎಂಬ ನಿಯಮ ಬಂದೊಡನೆ ನಿಧಿ ತುಂಬತೊಡಗಿತು. ಲೆಕ್ಕ ಹಾಕಿ ನೋಡಿ. ಮೂವರೂ ತಲಾ ಮೂರು ನಾಣ್ಯ ವ್ಯಯಿಸಿದರೆ ಅವರಿಗೆ 21 ಉಳಿಯುತ್ತದೆ, 44 ಹಿಡಿದು ಕೂತವನು 17ಕ್ಕೆ ಇಳಿಯುತ್ತಾನೆ.

ಸೋಜಿಗ ಇರುವುದು ಇನ್ನೊಂದು ಕಡೆ. ಪ್ರತಿ ಸುತ್ತಿಗೂ ಗುಂಪು ಬದಲಾಗುತ್ತಿತ್ತು, ದಂಡ ತೆತ್ತವನು ಮತ್ತೆ ಎದುರಾಗುವಂತಿರಲಿಲ್ಲ. ದಂಡಿಸಿದವನಿಗೆ ಬಿಡಿಗಾಸಿನ ಲಾಭವಿಲ್ಲ. ಹಾಗಿದ್ದೂ ದಂಡಿಸಿದರು, ಏಕೆಂದರೆ ಅವರಿಗೆ ಕೋಪ ಬಂದಿತ್ತು. ಈ ಕೋಪ ಪಂಪಿನ ಫುಟ್‌ವಾಲ್ವ್ ಇದ್ದಂತೆ. ವಾಲ್ವ್ ಒಂದು ತೊಟ್ಟು ನೀರನ್ನೂ ಎತ್ತುವುದಿಲ್ಲ. ಅದಿಲ್ಲದಿದ್ದರೆ ಮೇಲೆ ಬಂದ ನೀರೆಲ್ಲ ಬಾವಿಗೇ ವಾಪಸು. ಅಡಿಕೆ ಮರ ಹತ್ತುವವನು ಕಾಲಿಗೆ ಸಿಕ್ಕಿಸಿಕೊಳ್ಳುವ ಬಳೆ, ತಳೆಯೂ ಹಾಗೆಯೇ. ಅದು ಅವನನ್ನು ಹತ್ತಿಸುವುದಿಲ್ಲ, ಹತ್ತಿದಲ್ಲಿಂದ ಜಾರಲು ಬಿಡುವುದಿಲ್ಲ. ಹತ್ತಿಸುವುದು ಸಹಕರಿಸುವ ಮನಸ್ಸು, ಜಾರದಂತೆ ಹಿಡಿಯುವುದು ಕೋಪ.

ಈ ಎರಡನ್ನೂ ಕನ್ನಡ ಒಂದೇ ಶಬ್ದದಲ್ಲಿ ಹಿಡಿದಿಟ್ಟಿದೆ: ಮುಯ್ಯಿ. ಮದುವೆಯಲ್ಲಿ ಕೊಟ್ಟು ತಿರುಗಿ ಪಡೆಯುವ ಉಡುಗೊರೆ ಮುಯ್ಯಿ, ಇವತ್ತು ನಿಮ್ಮ ಗದ್ದೆಗೆ, ನಾಳೆ ನಮ್ಮ ಗದ್ದೆಗೆ ಎಂದು ಬರುವವನು ಮುಯ್ಯಾಳು, ಸೇಡು ತೀರಿಸಿಕೊಳ್ಳುವುದೂ ಮುಯ್ಯಿ ತೀರಿಸುವುದೇ. ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ 1980ರ ಸುಮಾರಿಗೆ, ಪ್ರತಿ ಸುತ್ತಿಗೂ ಸಹಕರಿಸುವುದೋ ಕೈಕೊಡುವುದೋ ಎಂದು ಆರಿಸಬೇಕಾದ ಪಂದ್ಯವನ್ನು ಕಂಪ್ಯೂಟರ್ ಪ್ರೋಗ್ರಾಮುಗಳ ನಡುವೆ ನಡೆಸಿದಾಗ ಗೆದ್ದದ್ದು ಅನಾಟೋಲ್ ರಾಪೊಪೋರ್ಟ್ ಕಳಿಸಿದ ಅತಿ ಚಿಕ್ಕ ಪ್ರೋಗ್ರಾಮು: ಮೊದಲು ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಅದು ಮುಯ್ಯಿಯಲ್ಲದೆ ಮತ್ತೇನು?

ಇದೆಲ್ಲ ಹುಟ್ಟಿನಿಂದಲೇ ಬರುತ್ತದೆಯೇ? 2007ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಆರು ಮತ್ತು ಹತ್ತು ತಿಂಗಳ ಕೂಸುಗಳು ಅಡ್ಡಿಮಾಡುವ ಗೊಂಬೆಯನ್ನು ಬಿಟ್ಟು ಸಹಾಯಮಾಡುವ ಗೊಂಬೆಯತ್ತ ಕೈಚಾಚಿದವು. ಮುಂದೆ ಹಲವು ದೇಶಗಳ ಪ್ರಯೋಗಾಲಯಗಳು ಒಟ್ಟಾಗಿ ಅದನ್ನೇ ಮಾಡಿ ನೋಡಿದಾಗ ಅಂಥ ಒಲವು ಕಾಣಲಿಲ್ಲ. ಆದ್ದರಿಂದ "ಮಗು ನೀತಿವಂತನಾಗಿಯೇ ಹುಟ್ಟುತ್ತದೆ" ಎಂದು ಭಾಷಣ ಮಾಡುವವರು ಸ್ವಲ್ಪ ತಡೆಯಬೇಕು. ಊರು ಕಲಿಸುವ ಭಾಗ ದೊಡ್ಡದು. 1987ರಲ್ಲಿ ಪ್ರಕಟವಾದ ಭುವನೇಶ್ವರದ ಅಧ್ಯಯನವೊಂದರಲ್ಲಿ, ತಂದೆ ತೀರಿಕೊಂಡ ಮರುದಿನವೇ ಹಿರಿಮಗ ಕ್ಷೌರ ಮಾಡಿಸಿ ಕೋಳಿ ತಿಂದದ್ದನ್ನು ಅಲ್ಲಿನ ಬ್ರಾಹ್ಮಣ ಮಕ್ಕಳು ಅತಿ ಗಂಭೀರ ತಪ್ಪುಗಳ ಸಾಲಿಗೆ ಸೇರಿಸಿದರು. ಶಿಕಾಗೋದ ಮಕ್ಕಳಿಗೆ ಅದು ತಪ್ಪೆಂದೇ ಅನಿಸಲಿಲ್ಲ.

ಮುಯ್ಯಿ ಕೆಡುವುದೂ ಉಂಟು. 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದೇ ನಿಧಿಯ ಆಟವನ್ನು 16 ಕಡೆ ಆಡಿಸಿತು. ಅಥೆನ್ಸ್, ಮಸ್ಕತ್ ಮೊದಲಾದ ಕಡೆ ಹಲವರು ಜಾಸ್ತಿ ಹಾಕಿದವರನ್ನೇ ದಂಡಿಸಿದರು. ತನಗೆ ದಂಡ ಹಾಕಿದ್ದು ಈ ಪ್ರಾಮಾಣಿಕರೇ ಎಂಬ ಊಹೆಯಿಂದ ತೀರಿಸಿದ ಸೇಡು ಅದಾಗಿರಬಹುದು. ಅಂಥ ಕಡೆ ನಿಧಿ ತುಂಬುವುದೇ ಕಷ್ಟ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಊರವರೇ ಶತಮಾನಗಳ ಕಾಲ ನಡೆಸಿಕೊಂಡು ಬಂದ ನೀರಾವರಿ ವ್ಯವಸ್ಥೆಗಳಲ್ಲಿ ಇದಕ್ಕೊಂದು ಮದ್ದು ಕಂಡರು: ಮೊದಲ ತಪ್ಪಿಗೆ ಬಹಳ ಚಿಕ್ಕ ದಂಡ, ಮತ್ತೆ ಮತ್ತೆ ತಪ್ಪಿದರೆ ಮಾತ್ರ ದೊಡ್ಡದು. ಕಟ್ಟದ ಕೆಲಸಕ್ಕೆ ಬರದವನಿಗೆ ಮೊದಲು ಸಿಗಬೇಕಾದ್ದು "ನಿನ್ನೆ ತೋಡಿನ ಹತ್ತಿರ ನಿಮ್ಮನ್ನು ಕಾಣಲಿಲ್ಲವಲ್ಲ" ಎಂಬ ಒಂದು ಮಾತು. ಕಟ್ಟ ಸೋರಿದ ದಿನ ಅವರೇ ಹಾರೆ ಹೆಗಲಿಗೇರಿಸಿ ಬಂದರೆ ಆ ಬಾಕಿ ಅಲ್ಲಿಗೆ ತೀರಿತು.