ಅಮೆರಿಕದಲ್ಲಿ ಡಾಕ್ಟರ್ ಆಗಲು ಬಯಾಲಜಿಯನ್ನೇ ಓದಬೇಕಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಈ ಸಲ ಕಾಲೇಜು ಸೇರುತ್ತಾಳೆ. ಡಾಕ್ಟರ್ ಆಗಬೇಕು ಅಂತ ಆಸೆ, ಆದರೆ ಇಷ್ಟದ ವಿಷಯ ಇತಿಹಾಸ. ನಾವು ಬಯಾಲಜಿ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ತಗೋ ಅಂತಿದ್ದೇವೆ. ಯಾವುದು ಸರಿ?

ಇತಿಹಾಸವನ್ನೇ ಓದಲಿ ಬಿಡಿ. ಆದರೆ ಮೊದಲ ಸೆಮಿಸ್ಟರ್‌ನಲ್ಲೇ ಕೆಮಿಸ್ಟ್ರಿ ಶುರು ಮಾಡಲಿ. ಮೇಜರ್‌ಗಿಂತ ಜಾಸ್ತಿ ಯೋಚಿಸಬೇಕಾದದ್ದು ಇದರ ಬಗ್ಗೆ.

ನಿಮ್ಮ ಆತಂಕ ಅರ್ಥವಾಗುತ್ತದೆ. ಪಿಯುಸಿಯಲ್ಲಿ ಪಿಸಿಬಿ ಇಲ್ಲದಿದ್ದರೆ ಮೆಡಿಕಲ್ ಇಲ್ಲ ಅನ್ನುವುದನ್ನು ನೋಡಿಕೊಂಡೇ ಬೆಳೆದವರು ನಾವು. ಊರಲ್ಲಿ ಪಿಯುಸಿ ಆದ ಮೇಲೆ ನೀಟ್ ಬರೆದು ನೇರ ಎಂಬಿಬಿಎಸ್. ಇಲ್ಲಿ ಮೊದಲು 4 ವರ್ಷದ ಡಿಗ್ರಿ, ಆಮೇಲೆ 4 ವರ್ಷ ಮೆಡಿಕಲ್ ಸ್ಕೂಲ್. ಪ್ರಿಮೆಡ್ ಅನ್ನುವುದು ಹೆಚ್ಚಿನ ಕಾಲೇಜುಗಳಲ್ಲಿ ಮೇಜರ್ ಅಲ್ಲ. ಯಾವ ಡಿಗ್ರಿ ಮಾಡಿದರೂ ಅದರ ಜೊತೆಗೆ ಮುಗಿಸಬೇಕಾದ ಒಂದಷ್ಟು ಕೋರ್ಸುಗಳು, ಅಷ್ಟೇ.

ಆ ಕೋರ್ಸುಗಳು ಯಾವುವು? ಸಾಮಾನ್ಯವಾಗಿ ಬಯಾಲಜಿ, ಫಿಸಿಕ್ಸ್, ಜನರಲ್ ಕೆಮಿಸ್ಟ್ರಿ, ಆರ್ಗಾನಿಕ್ ಕೆಮಿಸ್ಟ್ರಿ ಒಂದೊಂದು ವರ್ಷ, ಲ್ಯಾಬ್ ಸಮೇತ. ಮೇಲೊಂದು ಸೆಮಿಸ್ಟರ್ ಬಯೋಕೆಮಿಸ್ಟ್ರಿ. ಸ್ಟ್ಯಾಟಿಸ್ಟಿಕ್ಸ್ ಮತ್ತು ಇಂಗ್ಲಿಷ್ ಬರವಣಿಗೆಯನ್ನೂ ಹಲವು ಕಡೆ ಕೇಳುತ್ತಾರೆ. ಒಂದೊಂದು ಸ್ಕೂಲಿನ ಪಟ್ಟಿ ಒಂದೊಂದು ಥರ ಇರುತ್ತದೆ. ಹಾಗಾಗಿ ಅವಳಿಗೆ ಆಸೆ ಇರುವ ನಾಲ್ಕೈದು ಸ್ಕೂಲುಗಳ ಪಟ್ಟಿಯನ್ನು ಈಗಲೇ ನೋಡಿಡಿ.

ಕೆಮಿಸ್ಟ್ರಿಗೆ ಯಾಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ, ಅದು ಮೆಟ್ಟಿಲಿನ ಹಾಗೆ. ಜನರಲ್ ಮುಗಿಯದೆ ಆರ್ಗಾನಿಕ್ ಕೊಡುವುದಿಲ್ಲ. ಆರ್ಗಾನಿಕ್ ಆಗದೆ ಸಾಮಾನ್ಯವಾಗಿ ಬಯೋಕೆಮಿಸ್ಟ್ರಿ ಸಿಗುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲೇ ಹತ್ತಲು ಶುರು ಮಾಡಿದರೂ ಬಯೋಕೆಮಿಸ್ಟ್ರಿ ಬರುವುದು 5ನೇ ಸೆಮಿಸ್ಟರ್‌ಗೆ. ಡಿಗ್ರಿ ಮುಗಿದ ವರ್ಷವೇ ಮೆಡಿಕಲ್ ಸ್ಕೂಲ್ ಸೇರಬೇಕಾದರೆ 3ನೇ ವರ್ಷದ ಕೊನೆಗೇ ಅರ್ಜಿ ಹಾಕಬೇಕು. ಅದರ ಹೊತ್ತಿಗೆ ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಕೂಡ ಆಗಿರಬೇಕು. ಆ ಪರೀಕ್ಷೆಯ 4 ಭಾಗಗಳಲ್ಲಿ 2 ವಿಜ್ಞಾನದ ಭಾಗಗಳಿವೆ. ಎರಡರಲ್ಲೂ ಸುಮಾರು ಕಾಲು ಭಾಗ ಬಯೋಕೆಮಿಸ್ಟ್ರಿಯೇ! ಒಂದು ವರ್ಷ ತಡವಾಗಿ ಶುರು ಮಾಡಿದರೆ ಬೇಸಿಗೆ ಕ್ಲಾಸುಗಳಲ್ಲಿ ಓಡಬೇಕು, ಇಲ್ಲವೇ ಒಂದು ವರ್ಷ ಬಿಟ್ಟು ಸೇರಬೇಕು. ವರ್ಷ ಬಿಡುವುದು ತಪ್ಪೇನಲ್ಲ, ಎಷ್ಟೋ ಮಕ್ಕಳು ಬೇಕೆಂದೇ ಹಾಗೆ ಮಾಡುತ್ತಾರೆ. ಗೊತ್ತಿಲ್ಲದೆ ಹಾಗಾಗಬಾರದು, ಅಲ್ವಾ?

ಹಾಗಂತ ಎಲ್ಲವನ್ನೂ ಒಟ್ಟಿಗೆ ತುಂಬಬೇಡಿ. ಅರ್ಜಿ ಹಾಕುವಾಗ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಜಿಪಿಎಯನ್ನು (ಗ್ರೇಡುಗಳ ಸರಾಸರಿ) ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ಮೊದಲ ವರ್ಷ ಬಿದ್ದ ಸಿ ಗ್ರೇಡನ್ನು ಮೇಲೆತ್ತಲು ಮುಂದಿನ ವರ್ಷಗಳೆಲ್ಲ ಒದ್ದಾಡಬೇಕಾಗುತ್ತದೆ. ಲ್ಯಾಬ್ ಇರುವ ಕೋರ್ಸು ಸೆಮಿಸ್ಟರ್‌ಗೆ ಎರಡು ಸಾಕು. ಮೊದಲ ಸೆಮಿಸ್ಟರ್‌ನಲ್ಲಿ ಒಂದೇ ಆದರೂ ನಷ್ಟವಿಲ್ಲ.

ಇತಿಹಾಸ ವ್ಯರ್ಥ ಅಂದುಕೊಳ್ಳಬೇಡಿ. ಎಂಕ್ಯಾಟ್‌ನ ಒಂದು ಇಡೀ ಭಾಗ ಉದ್ದುದ್ದ ಬರಹಗಳನ್ನು ಓದಿ ಅರ್ಥಮಾಡಿಕೊಳ್ಳುವುದರ ಮೇಲೆಯೇ ನಿಂತಿದೆ. ವಿಜ್ಞಾನದ ಮಕ್ಕಳು ಅಲ್ಲೇ ಎಡವುವುದು ಜಾಸ್ತಿ. 2015ರಿಂದ ಸೈಕಾಲಜಿ ಮತ್ತು ಸೋಶಿಯಾಲಜಿಗೂ ಒಂದು ಭಾಗವಿದೆ. ಅವುಗಳಲ್ಲಿ ಒಂದೊಂದು ಕೋರ್ಸು ಮಾಡಿದರೆ ಒಳ್ಳೆಯದು.

ಹೈಸ್ಕೂಲಿನಲ್ಲಿ ಎಪಿ ಕೆಮಿಸ್ಟ್ರಿಯಲ್ಲಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಅತಿ ಹೆಚ್ಚಿನ ಅಂಕ 5 ಬಂದಿದೆ, ಕಾಲೇಜಿನದನ್ನು ಬಿಡಬಹುದಾ ಅಂತ ಕೆಲವರು ಕೇಳುತ್ತಾರೆ. ಕಾಲೇಜು ಒಪ್ಪಿದರೂ ಕೆಲವು ಮೆಡಿಕಲ್ ಸ್ಕೂಲುಗಳು ಒಪ್ಪುವುದಿಲ್ಲ. ಬಿಟ್ಟರೆ ಅದೇ ವಿಷಯದಲ್ಲಿ ಮೇಲಿನ ಹಂತದ ಕೋರ್ಸು ಮಾಡಿ ತೋರಿಸಬೇಕಾಗುತ್ತದೆ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮಗಳು ಎಚ್-4 ವೀಸಾದಲ್ಲಿ (ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಸಿಗುವುದು) ಇದ್ದಾಳಾ? 21 ತುಂಬಿದರೆ ಅದು ಮುಗಿಯುತ್ತದೆ. ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಯಿಸಿ ಕಾಲೇಜು ಮುಂದುವರಿಸಬಹುದು. ಆದರೆ ಗ್ರೀನ್ ಕಾರ್ಡ್ ಇಲ್ಲದವರನ್ನು ಹಲವು ಮೆಡಿಕಲ್ ಸ್ಕೂಲುಗಳು ತೆಗೆದುಕೊಳ್ಳುವುದೇ ಇಲ್ಲ. ಸ್ಕೂಲುಗಳ ಪಟ್ಟಿ ಮಾಡುವಾಗ ಇದನ್ನು ಮೊದಲು ನೋಡಿ.

ಈ ಸೆಮಿಸ್ಟರ್‌ಗೆ ಮಾತ್ರ ಹೇಳುವುದಾದರೆ: ಲ್ಯಾಬ್ ಜೊತೆ ಜನರಲ್ ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಒಂದು ಬರವಣಿಗೆ ಕ್ಲಾಸು, ಮತ್ತೆ ಅವಳಿಗೆ ಇಷ್ಟದ ಇತಿಹಾಸ. ಬಯಾಲಜಿಯನ್ನು ಜನವರಿಗೋ ಮುಂದಿನ ವರ್ಷಕ್ಕೋ ಇಟ್ಟುಕೊಳ್ಳಲಿ.